ಕತ್ತಿ ತಾಗಿದ ಕೆತ್ತೆ

ನಾನು ಮನೆಗಾಡಿಯ ಅಡಿಗೆ ನುಸುಳಿ, ಬೆಳಿಗ್ಗೆ ಬಿಸಾಡಿದ ಕಸಕ್ಕಾಗಿ ಒದ್ದೆ ಮರಳು ಕೆದಕುತ್ತಿದ್ದ ಹೊತ್ತಿಗೆ ನನ್ನ ಗಂಡ ತಮ್ಮ ಕರವಸ್ತ್ರ ತೆಗೆದು ಕಾಂತಿಗೆ ಕೊಟ್ಟರು.

ಅಡಿಯಿಂದ ನನಗೆ ಕಾಣುತ್ತಿದ್ದದ್ದು ಇಬ್ಬರ ಕಾಲು ಮಾತ್ರ. ಆದರೂ ಮೂಗೊರೆಸಿದ ಸದ್ದು ಕೇಳಿತು, ಅದರ ಹಿಂದೆಯೇ “ಇರಲಿ, ನಿನ್ನ ಹತ್ರವೇ ಇಟ್ಟುಕೊ” ಎಂಬ ಇವರ ದನಿಯೂ ಕೇಳಿತು. ಆ ಕರವಸ್ತ್ರದ ಮೂಲೆಗೆ ನೀಲಿ ನೂಲಿನ ಹೂ ಹಾಕಿದವಳು ನಾನು. ಹಾಕುವಾಗ ಸೂಜಿ ಚುಚ್ಚಿ ಬೆರಳು ಊದಿತ್ತು.

“ಅಳಬೇಡ ಕಾಂತಿ. ಶೆಟ್ಟರದ್ದು ಗಟ್ಟಿ ಜೀವ. ಎದ್ದು ಕೂತ್ಕೊಳ್ತಾರೆ.”

ಕಳೆದ ವರ್ಷ ನಾನು ಜ್ವರ ಬಂದು ಮಲಗಿದ್ದಾಗ ಇವರು ಬಾಗಿಲಲ್ಲೇ ನಿಂತು “ಮದ್ದು ಕುಡಿದೆಯಾ?” ಎಂದು ಕೇಳಿ ಪೇಪರು ಓದಲು ಹೋದವರು. ಅಳಬೇಡ ಎಂದು ಹೇಳಲು ಇವರಿಗೆ ಬರುತ್ತದೆ ಎಂದು ನನಗೆ ಗೊತ್ತಾದದ್ದು ಇವತ್ತು.

ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಉರಿಯಿತು. ಆ ಉರಿಯಲ್ಲಿ ಮರಳನ್ನು ಇನ್ನೂ ಜೋರಾಗಿ ಕೆದಕಿದೆ. ಹಾಗೆ ಕೆದಕಿದ್ದಕ್ಕೇ ಹಿಂದಿನ ಚಕ್ರದ ಪಕ್ಕದಲ್ಲಿ ಅಂಗೈಯಗಲದ ಒಂದು ಕೆತ್ತೆ, ಎಂದರೆ ಮರದ ತೊಗಟೆಯ ತುಂಡು, ಕೈಗೆ ಸಿಕ್ಕಿತು.

ಬೆಳಿಗ್ಗೆ ಆಟಿ ಅಮಾವಾಸ್ಯೆಯ ಕಷಾಯ ಕುಡಿದು ಸಮುದ್ರ ಸ್ನಾನಕ್ಕೆ ಹೊರಟ ಶಂಭು ಶೆಟ್ಟರು, ಎಂದರೆ ಕಾಂತಿಯ ಗಂಡ, ಇದೇ ಉಳ್ಳಾಲದ ಮರಳಿನಲ್ಲಿ ಮೈಸೆಟೆದು ಬಿದ್ದಿದ್ದರು. ದೋಣಿಯಲ್ಲಿ ಹೊಳೆ ದಾಟಿಸಿ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದಾಯಿತು. ಇನ್ನೂ ಪ್ರಜ್ಞೆ ಬಂದಿಲ್ಲ, ಹೊಟ್ಟೆಗೆ ಹೋದದ್ದು ಕಾಸರಕ ಮರದ ವಿಷ ಎಂದು ಡಾಕ್ಟರು ಹೇಳಿದ್ದಾಗಿ ಡ್ರೈವರ್ ಹಸೈನಾರ್ ಮಧ್ಯಾಹ್ನ ಬಂದು ತಿಳಿಸಿದ್ದ.

ಸಬ್ ಇನ್‌ಸ್ಪೆಕ್ಟರ್ ಅಬ್ದುಲ್ ರವೂಫರಿಗೆ ಅಷ್ಟು ಸಾಕಾಯಿತು. ಅವರದ್ದೂ ತಪ್ಪಲ್ಲ. ನಮ್ಮ ಕಡೆ ಆಟಿ ಬಂತೆಂದರೆ, ಆಷಾಢದ ಆ ಮಳೆ ತಿಂಗಳಲ್ಲಿ, ಎಲ್ಲಾದರೂ ಒಂದು ಮನೆಯಲ್ಲಿ ಈ ಅನಾಹುತ ಆಗುವುದುಂಟು. ಅಮಾವಾಸ್ಯೆಯ ದಿನ ಕಾಗೆ ಕೂಗುವ ಮೊದಲು ಹೋಗಿ ಹಾಲೆ ಮರದ ಕೆತ್ತೆ ತಂದು ಅರೆದು ಬರಿಹೊಟ್ಟೆಗೆ ಕುಡಿಯುವುದು ಕ್ರಮ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ಕೆತ್ತೆ ಬಂದರೆ ಕುಡಿದವರ ಕಥೆ ಮುಗಿಯಿತು.

ಇವತ್ತು ಕೆತ್ತೆ ತಂದವನು ಅಡಿಗೆಯ ತುಕ್ರಪ್ಪ. ಅವನೀಗ ಗಾಡಿಯ ಹಿಂದಿನ ಏಣಿಗೆ ಕೈ ಕಟ್ಟಿಸಿಕೊಂಡು, ಪೊಲೀಸಿನವನ ಕಾವಲಿನಲ್ಲಿ ಕೂತಿದ್ದ.

“ತಪ್ಪಿ ತಂದನೋ, ಬೇಕೆಂದೇ ತಂದನೋ, ಅದನ್ನು ಠಾಣೆಯಲ್ಲಿ ಕೇಳ್ತೇನೆ,” ಎಂದಿದ್ದರು ರವೂಫರು. “ಶೆಟ್ಟರು ಹೋದರೆ ಕೊಲೆ ಕೇಸು. ನಾನು ನಮಾಜು ಮುಗಿಸಿ ಬಂದು ಕರ್ಕೊಂಡು ಹೋಗ್ತೇನೆ.”

ತುಕ್ರಪ್ಪ ಬೆಳಿಗ್ಗೆಯಿಂದ ಹೇಳುತ್ತಿದ್ದದ್ದು ಒಂದೇ ಮಾತು. ನಾನು ಅಡಿಯಿಂದ ಹೊರಗೆ ಬಂದಾಗಲೂ ಅದನ್ನೇ ಹೇಳಿದ.

“ಅಮ್ಮ, ನಾನು ನಿನ್ನೆ ಹಗಲಲ್ಲೇ ಹೋಗಿ ಗುರುತಿಗೆ ಮರಕ್ಕೆ ಬಳ್ಳಿ ಸುತ್ತಿ ಬಂದವ. ತಪ್ಪಲಿಕ್ಕೆ ಉಂಟಾ?”

ನೆರಿಯದ ಕಾಡಂಚಿನಲ್ಲಿ ಹುಟ್ಟಿ ಬೆಳೆದವನು. ಮನೆಯಲ್ಲಿ ಅವನ ಹೆಂಡತಿ ಲೋಲಾಕ್ಷಿ ಹಸಿ ಬಾಣಂತಿ. ಆಟಿಯಲ್ಲಿ ಕೆಲಸ ಇಲ್ಲವೆಂದು ನಾಲ್ಕು ಕಾಸಿಗೆ ನಮ್ಮ ಜೊತೆ ಬಂದಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಹಾಗೆ ಈಗ ಅವನ ಕೈಗೆ ಹಗ್ಗ ಬಿದ್ದಿತ್ತು. ರವೂಫರು ಹಿಂದೆ ಬರುವುದರೊಳಗೆ ನಿಜ ತಿಳಿಯದಿದ್ದರೆ ಅವನನ್ನು ಬಿಡಿಸುವವರು ಯಾರೂ ಇರಲಿಲ್ಲ.

ನನ್ನ ಕೈಯ ಕೆತ್ತೆಯನ್ನು ತಿರುಗಿಸಿ ನೋಡಿದೆ.

ಹಾಲೆಯ ಕೆತ್ತೆಗೆ ಕಬ್ಬಿಣ ತಾಗಿಸುವ ಕ್ರಮ ಇಲ್ಲ. ಕಲ್ಲಿನಿಂದ ಗುದ್ದಿ ಎಬ್ಬಿಸಬೇಕು. ಕತ್ತಿ ತಾಗಿದರೆ ಮದ್ದು ಹೋಗಿ ವಿಷವಾಗುತ್ತದೆ ಎಂದು ಹಿರಿಯರ ಮಾತು. ತುಕ್ರಪ್ಪ ತಂದ ಚೂರುಗಳೆಲ್ಲ ಅಂಚು ನಾರುನಾರಾಗಿ ಹರಿದವುಗಳು. ಇದರ ಮೂರು ಅಂಚು ಹಾಗೆಯೇ ಇತ್ತು. ನಾಲ್ಕನೆಯದು ಮಾತ್ರ ನೆಟ್ಟಗೆ, ನುಣ್ಣಗೆ, ಒಂದೇ ಏಟಿಗೆ ಕಡಿದ ಹಾಗೆ ಇತ್ತು. ಆ ಕಡಿದ ಅಂಚಿನ ಉದ್ದಕ್ಕೂ ಏನೋ ಬೆಳ್ಳಗೆ ಒಣಗಿ ಅಂಟಿತ್ತು.

ಯಾರಿಗೂ ತೋರಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಇವರಿಗೆ ಕೂಡ ತೋರಿಸಲಿಲ್ಲ. ಇವರು ಕರವಸ್ತ್ರದ ದಾನದಲ್ಲಿದ್ದರಲ್ಲ.

*

ಇವರೆಂದರೆ ಲೋಕನಾಥ ಹೆಗ್ಡೆ. ಬೊಂಬಾಯಿಯ ಪೊಲೀಸಿನಲ್ಲಿ ಪತ್ತೆ ಕೆಲಸ ಮಾಡಿ, ಪೆನ್ಶನ್ ತೆಗೆದುಕೊಂಡು, ವಾಮದಪದವಿನಲ್ಲಿ ಗದ್ದೆ ನೋಡಿಕೊಂಡು ಇರುವವರು. ಊರಿನಲ್ಲಿ ಕೋಳಿ ಕಳವಾದರೂ ಇವರನ್ನು ಕರೆಯುತ್ತಾರೆ. ಹೋಗುತ್ತಾರೆ ಕೂಡ.

ಶಂಭು ಶೆಟ್ಟರು ಬಂಟ್ವಾಳದ ದೊಡ್ಡ ಮನೆತನದವರು. ಬೊಂಬಾಯಿಯಲ್ಲಿ ಹೋಟೆಲು ನಡೆಸಿದವರು. ಅಲ್ಲಿ ಯಾವನೋ ಬಿಳಿಯ ಸಮುದ್ರದ ಬದಿಯಲ್ಲಿ ಮನೆಯಂಥ ಗಾಡಿ ನಿಲ್ಲಿಸಿ ಸಂಸಾರ ಹೂಡಿದ್ದನ್ನು ಕಂಡು, ಊರಿಗೆ ಬಂದು ಹಳೆಯ ಬಸ್ಸೊಂದಕ್ಕೆ ಮಂಚ, ಕಪಾಟು, ಸೀಮೆಎಣ್ಣೆ ಒಲೆ ಎಲ್ಲ ಕೂರಿಸಿ ತಾವೂ ಒಂದು ಮಾಡಿಸಿದರು. ಅವರು ಅದನ್ನು ಕ್ಯಾರವಾನ್ ಎನ್ನುತ್ತಾರೆ. ಊರವರು ಮನೆಗಾಡಿ ಎನ್ನುತ್ತಾರೆ. ಅದರಲ್ಲಿ ಅರೆಯುವ ಕಲ್ಲಿಗೂ ಒಂದು ಜಾಗ ಉಂಟು.

ಈ ಸಲದ ಪ್ರಯಾಣದಲ್ಲಿ ಮೊದಲು ಮಡಂತ್ಯಾರಿನಲ್ಲಿ ಕಾಂತಿಯ ತವರು, ಮೂಡಬಿದಿರೆಯಲ್ಲಿ ಬಸದಿ, ಚೌಟ ಅರಸರ ಅರಮನೆ. ಚೌಟರ ಅರಮನೆ ನೋಡಿ ಅವರ ಉಳ್ಳಾಲ ನೋಡದಿದ್ದರೆ ಹೇಗೆ ಎಂದು ಪಾಣೆಮಂಗಳೂರಿನಲ್ಲಿ ಹೊಳೆಯ ಸಂಕ ದಾಟಿ ಇಲ್ಲಿಗೆ. ಅಮಾವಾಸ್ಯೆಯ ಸಮುದ್ರ ಸ್ನಾನವೂ ಆಯಿತು ಎಂದು ಲೆಕ್ಕ. ನಮ್ಮನ್ನು ಕರೆದದ್ದು ಸುಮ್ಮನೆ ಅಲ್ಲ.

“ಒಂದು ವಿಷಯ ಉಂಟು ಹೆಗ್ಡೆರೆ, ಮನೆಯಲ್ಲಿ ಕೂತು ಹೇಳುವ ಹಾಗಿಲ್ಲ,” ಎಂದಿದ್ದರು ಶೆಟ್ಟರು, ಎಲ್ಲರೂ ಕೇಳುವ ಹಾಗೆ. “ಉಳ್ಳಾಲಕ್ಕೆ ಬನ್ನಿ. ಅಮಾವಾಸ್ಯೆಯ ಸ್ನಾನ ಆಗಲಿ, ಹೇಳ್ತೇನೆ.”

ಆ ಸ್ನಾನ ಆಗಲೇ ಇಲ್ಲ.

ಇನ್ನು ಕಾಂತಿಯ ವಿಷಯ. ಇವರಿಗೆ ನನಗಿಂತ ಮೊದಲು ನೋಡಿದ ಹುಡುಗಿ ಅವಳು. ಎರಡೂ ಕಡೆ ಒಪ್ಪಿಯಾಗಿತ್ತು. ವೀಳ್ಯ ಕೊಡುವ ಹೊತ್ತಿಗೆ ಬಳಿ ಯಾವುದು, ಎಂದರೆ ತಾಯಿ ಕಡೆಯ ಗೋತ್ರ ಯಾವುದು, ಎಂದು ಯಾರೋ ಅಜ್ಜಿ ಕೇಳಿದರಂತೆ. ನೋಡಿದರೆ ಇಬ್ಬರದ್ದೂ ಒಂದೇ ಬಳಿ. ಒಂದೇ ಬಳಿಯೆಂದರೆ ನಮ್ಮಲ್ಲಿ ಅಣ್ಣತಂಗಿ, ಮದುವೆಯ ಮಾತೇ ಇಲ್ಲ. ಅಲ್ಲಿಗೆ ಎಲೆ ಅಡಿಕೆ ಹಿಂದೆ ಹೋಯಿತು, ಆಮೇಲೆ ನಮ್ಮ ಮನೆಗೆ ಬಂತು.

ಅಣ್ಣತಂಗಿ ಎಂದ ಮೇಲೆ ನಿನಗೇನು ಎಂದು ಯಾರಾದರೂ ಕೇಳಬಹುದು. ಬಳಿ ಗೊತ್ತಾಗುವ ಮೊದಲು ಇವರು ಅವಳನ್ನು ನೋಡಿ ಒಪ್ಪಿದ್ದರಲ್ಲ, ನನಗೆ ಅದು. ನಿನ್ನೆ ಹಳೆಯ ಕೋಟೆಯ ಕಲ್ಲುಗಳ ನಡುವೆ ಇವರು ಅವಳಿಗೆ ಉಳ್ಳಾಲದ ರಾಣಿಯ ಕಥೆ ಹೇಳಿದರು. ರಾಣಿ ಚೌಟ ಮನೆತನದವಳು, ಗಂಡ ಬಂಗ ಮನೆತನದವನು, ಹೆಂಡತಿಯ ಮೇಲಿನ ಸಿಟ್ಟಿಗೆ ಫಿರಂಗಿಯವರ ಜೊತೆ ಸೇರಿದನಂತೆ. ಅಂಥ ಗಂಡನ ಕಥೆಯನ್ನು ಇವರು ಅಷ್ಟು ರಸವಾಗಿ ಹೇಳಬೇಕಾದ ಅಗತ್ಯ ಇರಲಿಲ್ಲ. ಅವಳು ಕೂಡ ಅಷ್ಟು ಕಣ್ಣರಳಿಸಿ ಕೇಳಬೇಕಾಗಿರಲಿಲ್ಲ.

*

ಗಾಡಿಯ ಒಳಗೆ ರಾಜೀವಿಯಕ್ಕ ಅರೆಯುವ ಕಲ್ಲಿನ ಪಕ್ಕದಲ್ಲಿ ಕೂತಿದ್ದಳು. ಶೆಟ್ಟರ ತಂಗಿ, ವಿಧವೆ. ಆಸ್ತಿ ಸೋದರಳಿಯನಿಗೆ ಹೋಗುವ ಅಳಿಯಕಟ್ಟಿನ ಮನೆಯಲ್ಲಿ ಯಜಮಾನನ ಹೆಂಡತಿಗಿಂತ ತಂಗಿಗೆ ತೂಕ ಹೆಚ್ಚು. ಶೆಟ್ಟರ ನಂತರ ಮನೆಗೆ ಯಜಮಾನನಾಗಬೇಕಾದವನು ಅವಳ ಮಗ ಸುಧಾಕರ. ಬೆಳಿಗ್ಗೆ ಮಾವನನ್ನು ದೋಣಿಯಲ್ಲಿ ಕರೆದುಕೊಂಡು ಹೋದವನೂ ಅವನೇ, ಇನ್ನೂ ಆಸ್ಪತ್ರೆಯಲ್ಲಿದ್ದ. ಹೆಂಗಸರು ಯಾರೂ ಇಲ್ಲಿಂದ ಕದಲಬಾರದೆಂದು ರವೂಫರ ಅಪ್ಪಣೆಯಾಗಿತ್ತು.

“ರಾಜೀವಿಯಕ್ಕ, ಯಜಮಾನರ ಕಷಾಯಕ್ಕೆ ಎಷ್ಟು ಕೆತ್ತೆ ಅರೆದಿರಿ?”

“ಒಂದೇ. ಯಾವಾಗಲೂ ಅಷ್ಟೇ. ಅಣ್ಣನಿಗೆ ಮೊದಲ ರಸ, ನೀರು ತಾಗಿಸದ್ದು. ಮತ್ತೆ ಉಳಿದದ್ದನ್ನೆಲ್ಲ ಒಟ್ಟಿಗೆ ಅರೆದು ನಮಗೆ.”

“ಇಡೀ ಕೆತ್ತೆಯಾ?”

ಅವಳು ತಲೆ ಎತ್ತಿದಳು. “ಅದು ನಿನಗೆ ಹೇಗೆ ಗೊತ್ತು?”

“ಕೇಳಿದ್ದಷ್ಟೇ.”

“ಇಡೀ ಅಲ್ಲ. ತುಕ್ರಪ್ಪ ತಂದಾಗ ದೊಡ್ಡದಿತ್ತು. ನಾನು ಕಲ್ಲು ತೊಳೆದು ಬರುವಾಗ ಅರ್ಧವೇ ಉಂಟು. ಕಾಂತಿ ಇಲ್ಲಿ ಬೆಳ್ಳುಳ್ಳಿ ಸುಲಿತಾ ಕೂತಿದ್ದಳು. ಕೇಳಿದ್ದಕ್ಕೆ, ದೊಡ್ಡದಾಯ್ತು ಅಂತ ಮುರಿದು ಬಿಸಾಡಿದೆ ಅಂದಳು.”

“ಇದನ್ನು ಇನ್‌ಸ್ಪೆಕ್ಟರಿಗೆ ಹೇಳಲಿಲ್ಲವಾ?”

“ಹೇಳಿದರೆ ನಾದಿನಿಗೆ ಹೊಟ್ಟೆಕಿಚ್ಚು ಅಂತಾರೆ. ಹೇಳದಿದ್ದರೆ ಅರೆದವಳೇ ಮಾಡಿದ್ದು ಅಂತಾರೆ.” ಅವಳು ಸೆರಗಿನಿಂದ ಕಲ್ಲಿನ ಮೇಲಿನ ನೊಣ ಓಡಿಸಿದಳು. “ನನ್ನ ಅಣ್ಣನಿಗೆ ನಾನು ವಿಷ ಅರೆಯುತ್ತೇನಾ ಶಶಿಪ್ರಭಾ? ಅವನು ಇದ್ದರೆ ನಾನು.”

ಆ ಮಾತು ಸುಳ್ಳೆಂದು ನನಗೆ ಅನ್ನಿಸಲಿಲ್ಲ. ಅಣ್ಣ ಮರಳಿಗೆ ಬಿದ್ದಾಗ ಅವಳು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿತ್ತು.

ಆದರೆ ಅವಳಿಗೂ ಒಳಗೆ ಉರಿ ಇರದೆ ಇಲ್ಲ. ಹೊಸ ಕಾನೂನು ಬಂದ ಮೇಲೆ ಗಂಡಸರು ತಮ್ಮ ಪಾಲನ್ನು ಹೆಂಡತಿ ಮಕ್ಕಳಿಗೆ ಕೊಡಲು ದಾರಿ ಆಗಿದೆ ಎಂದು ಊರೆಲ್ಲ ಮಾತಾಡುತ್ತಿದ್ದ ಕಾಲ. ಶೆಟ್ಟರಿಗೂ ಹಾಗೊಂದು ಮನಸ್ಸು ಉಂಟೆಂದು ಸುದ್ದಿ ಇತ್ತು. ಕಾಂತಿ ಹೊಸ ಸೀರೆ ಉಟ್ಟರೆ ಸಾಕು, ರಾಜೀವಿಯಕ್ಕ ಅದರ ಅಂಚನ್ನು ಎರಡು ಸಲ ಮುಟ್ಟಿ ನೋಡುತ್ತಿದ್ದಳು.

*

ಕಾಂತಿ ಸಮುದ್ರದ ಬದಿಯ ಬಂಡೆಗಳ ಹತ್ತಿರ ಒಬ್ಬಳೇ ನಿಂತಿದ್ದಳು. ಇವರು ರವೂಫರನ್ನು ಕಾಣಲು ಪೇಟೆಯ ಕಡೆ ಹೋಗಿದ್ದರು. ಒಳ್ಳೆಯದೇ ಆಯಿತು.

ಅಲೆ ದೊಡ್ಡದಿತ್ತು. ಆಟಿಯ ಸಮುದ್ರ, ಕೆಂಪು ನೀರು. ಅವಳು ಮಾತ್ರ ಅತ್ತರೂ ಚೆಂದ ಕಾಣುತ್ತಿದ್ದಳು. ನನಗೆ ಅತ್ತರೆ ಮೂಗು ಮೊದಲು ಕೆಂಪಾಗುತ್ತದೆ.

ನಾನು ಸುತ್ತಿ ಬಳಸಿ ಮಾತಾಡಲಿಲ್ಲ. ಕೆತ್ತೆಯನ್ನು ತೆಗೆದು ಅವಳ ಮುಖದ ಮುಂದೆ ಹಿಡಿದೆ.

“ಇದು ನಿನ್ನದಾ?”

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. “ಎಂತದು ಅಕ್ಕ?”

“ಎಂತದು ಅಂತ ನಿನಗೆ ಗೊತ್ತುಂಟು. ಮುರಿದೆ ಅಂತ ರಾಜೀವಿಯಕ್ಕನಿಗೆ ಹೇಳಿದ್ದೀಯಂತೆ. ಮುರಿದರೆ ಹೀಗೆ ಆಗ್ತದಾ? ಇದು ಕತ್ತಿಯಲ್ಲಿ ಕಡಿದದ್ದು.”

“ನನಗೆ ಗೊತ್ತಿಲ್ಲ.”

“ತುಕ್ರಪ್ಪನ ಕೈಗೆ ಹಗ್ಗ ಹಾಕಿದ್ದಾರೆ. ಅವನ ಹೆಂಡತಿ ಹೆತ್ತು ಮಲಗಿದ್ದಾಳೆ. ಅದು ಗೊತ್ತುಂಟಾ ನಿನಗೆ?”

ಅವಳು ಬಂಡೆಯ ಮೇಲೆ ಕುಸಿದು ಕೂತಳು. ಕೈಯಲ್ಲಿ ಇನ್ನೂ ನನ್ನ ಗಂಡನ ಕರವಸ್ತ್ರ.

“ನಾನು ಅವರನ್ನು ಕೊಲ್ಲಬೇಕು ಅಂತ ಮಾಡಿದ್ದಲ್ಲ ಅಕ್ಕ.”

ಸುಮ್ಮನೆ ನಿಂತೆ. ಹೀಗಿರುವಾಗ ಸುಮ್ಮನಿದ್ದರೆ ಎದುರಿನವರು ತಾವೇ ಮಾತಾಡುತ್ತಾರೆ ಎಂದು ಇವರಿಂದ ಕಲಿತದ್ದು.

“ಆ ಮನೆಗೆ ಕಾಲಿಟ್ಟು ಎಷ್ಟು ವರ್ಷ ಆಯ್ತು ಹೇಳಿ. ಇವತ್ತಿಗೂ ಅವರ ತಲೆಗೆ ಎಣ್ಣೆ ಬಿಸಿ ಮಾಡುವುದು ಅವಳು. ಕಷಾಯ ಅರೆಯುವುದು ಅವಳು. ನಾನು ಕೈ ಹಾಕಿದರೆ, ‘ನಿನಗೆ ಯಾಕೆ ತೊಂದರೆ, ತಂಗಿ ಮಾಡ್ತಾಳೆ’ ಅಂತಾರೆ. ನಾನು ಆ ಮನೆಗೆ ನೆಂಟಳು. ಬಂದವರಿಗೆ ತೋರಿಸಲಿಕ್ಕೆ ಇರುವ ಹೆಂಡತಿ.”

“ಅದಕ್ಕೆ?”

“ಅದಕ್ಕೆ ಅವಳು ಕಲ್ಲು ತೊಳೆಯಲಿಕ್ಕೆ ಹೋದಾಗ ಬಾಳೆಕಾಯಿ ಹೆಚ್ಚುವ ಕತ್ತಿ ತಗೊಂಡು ಒಂದೇ ಏಟು ಹಾಕಿದೆ. ಕಬ್ಬಿಣ ತಾಗಿದರೆ ಕೆಡ್ತದೆ ಅಂತಾರಲ್ಲ. ಹೊಟ್ಟೆ ಕೆಡಲಿ, ವಾಂತಿ ಆಗಲಿ, ಬರುವ ಆಟಿಗೆ ‘ರಾಜೀವಿಯ ಕೈಯದ್ದು ಬೇಡ, ನೀನು ಅರೆ’ ಅನ್ನಲಿ ಅಂತ. ಅಷ್ಟೇ ಅಕ್ಕ. ದೇವರಾಣೆ ಅಷ್ಟೇ ಎಣಿಸಿದ್ದು. ಅದು ಹೀಗೆ ವಿಷ ಆಗ್ತದೆ ಅಂತ ನನಗೆ ಗೊತ್ತಿತ್ತಾ?”

ಆಗ ನನಗೆ ಅವಳ ಮೇಲೆ ಮರುಕ ಬಂತು ಎಂದು ಬರೆದರೆ ಓದುವವರಿಗೆ ಚೆಂದ. ಬರಲಿಲ್ಲ. ಸಿಕ್ಕಿಬಿದ್ದೆಯಲ್ಲ ಎಂದು ಅನ್ನಿಸಿತು. ಇಷ್ಟು ವರ್ಷ ಕಾದದ್ದಕ್ಕೆ ಸಿಕ್ಕಿಬಿದ್ದೆಯಲ್ಲ.

ಆದರೆ ಕೆತ್ತೆ ನನ್ನ ಕೈಯಲ್ಲೇ ಇತ್ತು. ಕಡಿದ ಅಂಚಿನ ಆ ಬಿಳಿ ಅಂಟನ್ನು ಉಗುರಿನಿಂದ ಕೆರೆದೆ. ಸಿಪ್ಪೆಯ ಹಾಗೆ ಎದ್ದು ಬಂತು. ಹಾಲು. ಹಸಿ ಮರದ ಹಾಲು ಒಸರಿ ಅಲ್ಲೇ ಒಣಗಿದ್ದು.

ಹಾಲೆಯನ್ನು ಎಲ್ಲಿ ಗೀರಿದರೂ ಹಾಲು ಬರುತ್ತದೆ. ಕಾಸರಕದಲ್ಲಿ ಹಾಲಿಲ್ಲ.

ಶೆಟ್ಟರಿಗೆ ಅರೆದದ್ದು ಇದರದ್ದೇ ಇನ್ನೊಂದು ಅರ್ಧ. ಇದು ಹಾಲೆಯಾದರೆ ಅದೂ ಹಾಲೆಯೇ. ಇನ್ನು ಕಬ್ಬಿಣದ ಮಾತು. ನನ್ನ ಅಜ್ಜ ನಾಟಿ ವೈದ್ಯರು. ಆಟಿಯ ಒಂದು ದಿನ ಬಿಟ್ಟರೆ ವರ್ಷವಿಡೀ ಕತ್ತಿಯಿಂದಲೇ ಹಾಲೆಯ ಕೆತ್ತೆ ತೆಗೆದು ಜ್ವರದವರಿಗೆ ಕೊಡುತ್ತಿದ್ದರು. ಕುಡಿದವರು ಮುಖ ಹಿಂಡಿದ್ದಾರೆಯೇ ಹೊರತು ಯಾರೂ ಸತ್ತಿಲ್ಲ.

ಕಾಂತಿ ತನ್ನ ಗಂಡನಿಗೆ ವಿಷ ಹಾಕಿರಲಿಲ್ಲ. ಹಾಕಿದ್ದೇನೆ ಎಂದು ಅವಳು ನಂಬಿದ್ದಳು, ಅಷ್ಟೇ. ಈ ಭೂಮಿಯ ಮೇಲೆ ಅದು ಗೊತ್ತಿದ್ದವಳು ನಾನೊಬ್ಬಳು.

*

ನಾನು ಬಾಯಿ ತೆರೆಯುವ ಮೊದಲೇ ಅವಳು ಎದ್ದು ಗಾಡಿಯ ಕಡೆ ನಡೆದಳು. ಅಲ್ಲಿ ಇವರೂ ರವೂಫರೂ ಬಂದು ನಿಂತಿದ್ದರು. ಪೊಲೀಸಿನವನು ತುಕ್ರಪ್ಪನನ್ನು ಏಣಿಯಿಂದ ಬಿಚ್ಚುತ್ತಿದ್ದ, ಕರೆದುಕೊಂಡು ಹೋಗಲಿಕ್ಕೆ.

“ಅವನನ್ನು ಬಿಡಿ,” ಎಂದಳು ಕಾಂತಿ. “ಮಾಡಿದ್ದು ನಾನು. ಕೆತ್ತೆಗೆ ಕತ್ತಿ ತಾಗಿಸಿ ನನ್ನ ಗಂಡನಿಗೆ ಕೊಡಿಸಿದ್ದು ನಾನು.”

ಗಾಡಿಯ ಬಾಗಿಲಿಗೆ ಬಂದ ರಾಜೀವಿಯಕ್ಕ ಅಲ್ಲೇ ಕಂಬಿ ಹಿಡಿದು ನಿಂತಳು.

ರವೂಫರು ಟೊಪ್ಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. “ನೋಡಿ ಅಮ್ಮ, ಇದು ತಮಾಷೆಯ ಮಾತಲ್ಲ.”

“ಶಶಿಯಕ್ಕನಿಗೆ ಎಲ್ಲ ಹೇಳಿದ್ದೇನೆ. ಕೇಳಿ.”

ಎಲ್ಲರೂ ನನ್ನನ್ನು ನೋಡಿದರು. ಇವರೂ ನೋಡಿದರು, ಆಮೇಲೆ ಕಾಂತಿಯನ್ನು ನೋಡಿದರು. ಇವರ ಮುಖದಲ್ಲಿದ್ದದ್ದು ಸಂಕಟ. ಅಷ್ಟು ಸಂಕಟವನ್ನು ನಾನು ಆ ಮುಖದಲ್ಲಿ ಕಂಡದ್ದು ಇವರ ತಾಯಿ ತೀರಿಕೊಂಡಾಗ ಮಾತ್ರ.

ನಾನು “ಹೌದು” ಎಂದರೆ ಆಗಿತ್ತು. ತುಕ್ರಪ್ಪ ಬಾಣಂತಿಯ ಹತ್ತಿರ ಹೋಗುತ್ತಿದ್ದ. ಕಾಂತಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತಿದ್ದಳು. ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಅವಳು ಹೇಳಿದ್ದು ಹೌದು ಎಂದರೆ ಸಾಕು. ಕೆತ್ತೆಯನ್ನು ಸಮುದ್ರಕ್ಕೆ ಎಸೆದರೆ ಕೇಳುವವರಿಲ್ಲ. ಒಂದು ಗಳಿಗೆ ನಾನು ಅದನ್ನೇ ಯೋಚಿಸಿದೆ. ನಿಜವಾಗಿ ಯೋಚಿಸಿದೆ.

ಆಮೇಲೆ ಇನ್ನೊಂದು ಹೊಳೆಯಿತು. ಜೈಲಿಗೆ ಹೋದ ಹೆಣ್ಣನ್ನು ಯಾವ ಗಂಡಸಾದರೂ ಮರೆಯುತ್ತಾನಾ? ಆಟಿ ಬಂದಾಗೆಲ್ಲ ಇವರು ಜಗಲಿಯಲ್ಲಿ ಕೂತು ಅವಳನ್ನು ನೆನೆಯುತ್ತಾರೆ. ಪಾಪ ಕಾಂತಿ ಎನ್ನುತ್ತಾರೆ. ಅವಳು ಮನೆಯಲ್ಲಿದ್ದು ವಯಸ್ಸಾಗಿ ಹಲ್ಲು ಬಿದ್ದರೆ ಇವರಿಗೆ ನೆನಪೂ ಇರುವುದಿಲ್ಲ. ಜೈಲಿನಲ್ಲಿ ಇದ್ದರೆ ಇವರ ಮನಸ್ಸಿನಲ್ಲಿ ಅವಳಿಗೆ ವಯಸ್ಸೇ ಆಗುವುದಿಲ್ಲ. ಅದನ್ನು ನಾನು ಸಹಿಸಲಾರೆ.

ಪುಣ್ಯಕ್ಕಲ್ಲ, ಇದಕ್ಕೆ ನಾನು ಬಾಯಿ ತೆರೆದದ್ದು.

“ಅವಳು ಹೇಳಿದ್ದು ಹೌದು,” ಎಂದೆ. “ಆದರೆ ಅದರಲ್ಲಿ ವಿಷ ಇಲ್ಲ. ಇಲ್ಲಿ ನೋಡಿ.”

ಕೆತ್ತೆಯನ್ನು ರವೂಫರ ಕೈಗೆ ಕೊಟ್ಟೆ. ಹಾಲು ತೋರಿಸಿದೆ. ಇನ್ನೊಂದು ಅರ್ಧ ಶೆಟ್ಟರಿಗೆ ಅರೆದದ್ದೆಂದು ಹೇಳಿದೆ. ರಾಜೀವಿಯಕ್ಕ ಬಾಗಿಲಿನಿಂದಲೇ ಹೌದೆಂದು ತಲೆಯಾಡಿಸಿದಳು. ಅಜ್ಜನ ಕತ್ತಿಯ ಮಾತನ್ನೂ ಹೇಳಿದೆ.

ರವೂಫರು ಉಳ್ಳಾಲದವರೇ. ಹಾಲೆ ಅವರಿಗೂ ಗೊತ್ತು. ಆ ಬಿಳಿ ಅಂಟನ್ನು ಉಗುರಿನಿಂದ ಎಬ್ಬಿಸಿ ಮೂಸಿದರು. ಆಮೇಲೆ ಪೊಲೀಸಿನವನಿಗೆ ಸನ್ನೆ ಮಾಡಿದರು. ತುಕ್ರಪ್ಪನ ಕೈಯ ಹಗ್ಗ ಪೂರ್ತಿ ಬಿಚ್ಚಿತು. ಅವನು ಕೈ ಉಜ್ಜಿಕೊಳ್ಳುತ್ತಾ ಮರಳಿನಲ್ಲೇ ಕೂತುಬಿಟ್ಟ, ಎದ್ದು ಹೋಗಬಹುದೆಂದು ಅವನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

ಕಾಂತಿ ನನ್ನ ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಂಡೆ.

“ಕೆತ್ತೆಯಲ್ಲಿ ಇಲ್ಲದಿದ್ದರೆ ವಿಷ ಎಲ್ಲಿಂದ ಬಂತು?” ಎಂದರು ರವೂಫರು. “ಡಾಕ್ಟರು ಹೇಳಿದ್ದು ಕಾಸರಕವೇ. ಅದರಲ್ಲಿ ಸಂಶಯ ಇಲ್ಲ.”

ಇವರು ನಿಧಾನಕ್ಕೆ ಮಾತಾಡಿದರು. “ಕಾಸರಕದ ಬೀಜ ಕೂಡ ವಿಷವೇ ಅಲ್ವಾ? ಅರೆದು ಯಾವುದಕ್ಕಾದರೂ ಕಲಸಬಹುದು. ಆದರೆ ಮಹಾ ಕಹಿ, ಬೇರೆ ದಿನ ಯಾರೂ ಬಾಯಿಗೆ ಇಡಲಿಕ್ಕಿಲ್ಲ. ಹಾಲೆ ಕುಡಿದ ಬಾಯಿಗೆ ಆಮೇಲೆ ಎಂತ ಕೊಟ್ಟರೂ ಕಹಿ ತಿಳಿಯುವುದಿಲ್ಲ. ಇಟ್ಟವರಿಗೆ ಅದು ಚೆನ್ನಾಗಿ ಗೊತ್ತುಂಟು.” ಬಾಗಿಲಿನ ಕಡೆ ತಿರುಗಿದರು. “ಕಷಾಯದ ಮೇಲೆ ಶೆಟ್ಟರು ಎಂತ ತಗೊಂಡರು?”

“ಮೆಂತೆ ಗಂಜಿ,” ಎಂದಳು ರಾಜೀವಿಯಕ್ಕ. “ಹೊಟ್ಟೆ ತಂಪಾಗಲಿಕ್ಕೆ. ಎಲ್ಲರೂ ಕುಡಿದದ್ದು ಅದನ್ನೇ. ಒಂದೇ ಪಾತ್ರೆಯದ್ದು.”

“ಪಾತ್ರೆ ಒಂದೇ. ಬಟ್ಟಲು ಬೇರೆ ಬೇರೆ,” ಎಂದರು ರವೂಫರು. “ಶೆಟ್ಟರ ಕೈಗೆ ಬಟ್ಟಲು ಕೊಟ್ಟದ್ದು ಯಾರು?”

ರಾಜೀವಿಯಕ್ಕ ನನ್ನನ್ನು ನೋಡಿದಳು.

“ನಾನು,” ಎಂದೆ.

ರವೂಫರು ಕಂಕುಳಿನ ಟೊಪ್ಪಿಯನ್ನು ಮತ್ತೆ ತಲೆಗೆ ಇಟ್ಟುಕೊಂಡರು.

ಇವರು ನನ್ನ ಹತ್ತಿರ ಬಂದರು. ಕೇಳಿದ ದನಿ ಗಂಡನದ್ದಲ್ಲ, ಪೊಲೀಸಿನವರದ್ದು. “ಒಲೆಯ ಹತ್ರದಿಂದ ತಗೊಂಡು ಹೋಗಿ ಕೊಟ್ಟೆಯಾ?”

“ಅಲ್ಲ.”

“ಮತ್ತೆ?”

“ಬಡಿಸಿ ಇಟ್ಟಿದ್ದ ಬಟ್ಟಲು.”

“ಎಲ್ಲಿ ಇಟ್ಟದ್ದು, ಶಶಿ?”

“ನಿಮ್ಮ ಚಾಪೆಯ ಮುಂದೆ.” ಆ ಮಾತು ಬಾಯಿಂದ ಹೊರಗೆ ಬಂದ ಮೇಲೆಯೇ ಅದು ಏನೆಂದು ನನಗೆ ತಿಳಿದದ್ದು. ಮುಂದಿನದ್ದನ್ನೂ ಹೇಳಿದೆ. “ನೀವು ಮುಖ ತೊಳೆಯಲಿಕ್ಕೆ ಹೋಗಿದ್ದಿರಿ. ಬೇರೆ ಯಾವ ಬಟ್ಟಲಿಗೂ ಇಲ್ಲದ ತೆಂಗಿನಹಾಲು ನಿಮ್ಮದಕ್ಕೆ ಮಾತ್ರ ಹಾಕಿತ್ತು. ಕಾಂತಿ ನಿಮಗೆಂದೇ ಇಟ್ಟದ್ದು ಅಂತ ಎಣಿಸಿದೆ. ನನಗೆ ತಡೆಯಲಿಲ್ಲ. ಎತ್ತಿಕೊಂಡು ಹೋಗಿ ಅವಳ ಗಂಡನ ಕೈಗೇ ಕೊಟ್ಟೆ. ನಿಮಗೆ ಬೇರೆ ಬಡಿಸಿ ಇಟ್ಟೆ.”

ಇವರು ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದರು. ಅಷ್ಟು ಜನರ ಎದುರು ಇವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

“ಹಾಗಾದರೆ ವಿಷ ಶೆಟ್ಟರಿಗೆ ಇಟ್ಟದ್ದಲ್ಲ,” ಎಂದರು ರವೂಫರು. “ಹೆಗ್ಡೆಯವರಿಗೆ ಇಟ್ಟದ್ದು.” “ಶೆಟ್ಟರು ಸ್ನಾನದ ಮೇಲೆ ಹೇಳಲಿಕ್ಕಿದ್ದ ಮಾತು ನನ್ನ ಕಿವಿಗೆ ಬೀಳಬಾರದು ಅಂತ,” ಎಂದರು ಇವರು. ರವೂಫರು ಕಾಂತಿಯ ಕಡೆ ತಿರುಗಿದರು.

ಕಾಂತಿ ಮಾತ್ರ ನನ್ನನ್ನೇ ನೋಡುತ್ತಿದ್ದಳು.

“ನಾನು ಇಟ್ಟದ್ದಲ್ಲ ಅಕ್ಕ. ಗಂಜಿ ರಾಜೀವಿಯಕ್ಕನ ಅಡಿಗೆ. ಅದರ ಸೌಟು ಮುಟ್ಟಲಿಕ್ಕೆ ಅವರು ನನ್ನನ್ನು ಯಾವತ್ತಾದರೂ ಬಿಟ್ಟದ್ದುಂಟಾ?”